ಪ್ರಸ್ಥಾನಕ್ಕಿಟ್ಟ ಟಿಕೆಟ್ಟು

ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನಮ್ಮ ಮನೆ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯೇ ನಮ್ಮ ಯಜಮಾನರ ಆಫೀಸು. ಖಾಸಗಿ ಬಸ್ಸುಗಳಿಗೆ ಸೀಟು ಕಾದಿರಿಸುವುದು, ಪಾರ್ಸೆಲ್ ಹಿಡಿಯುವುದು ಅಲ್ಲಿನ ಕೆಲಸ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಆ ಮನೆಗೆ ಬಂದವಳು. ಒಳಗೆ ಒಗ್ಗರಣೆ ಹಾಕುತ್ತಿದ್ದರೂ, ಹೊರಗೆ ಕೇಳಿದ ಹಾರ್ನು ಪಿರಿಯಾಪಟ್ಟಣದ ಬಸ್ಸಿನದೋ ಎಚ್.ಡಿ. ಕೋಟೆಯದೋ ಎಂದು ಹೇಳಬಲ್ಲಷ್ಟು ಆ ಬೀದಿ ನನಗೆ ಒಗ್ಗಿಹೋಗಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಆ ಕೋಣೆಗೆ ವಿಮಾನದ ಟಿಕೆಟ್ಟು ಬಂತು. ಯಜಮಾನರ ಕಾಲೇಜಿನ ಸ್ನೇಹಿತರೊಬ್ಬರು ಮೈಸೂರಿನಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದರು. ಮೊದಮೊದಲು ನಾವು ಅವರಿಗೆ ಒಂದು ಅಂಚೆ ಡಬ್ಬಿ ಇದ್ದ ಹಾಗೆ, ಅಷ್ಟೆ. ತಂಬಾಕು ಕಂಪನಿಯ ಅಧಿಕಾರಿಗಳೋ, ಕೊಪ್ಪದ ಪಕ್ಕದ ಟಿಬೆಟನ್ ಕ್ಯಾಂಪಿನವರೋ ದೆಹಲಿಗೆ ಹೋಗಬೇಕೆಂದರೆ ಫಾರಂ ತುಂಬಿಸಿ ಮೈಸೂರಿಗೆ ಕಳಿಸುತ್ತಿದ್ದೆವು. ಮೈಸೂರಿನವರು ಬೆಂಗಳೂರಿನ ವಿಮಾನ ಕಂಪನಿಗೆ ಬರೆಯುತ್ತಿದ್ದರು. ವಾರವೋ ಹತ್ತು ದಿನವೋ ಕಳೆದ ಮೇಲೆ ರಿಜಿಸ್ಟರ್ ಅಂಚೆಯಲ್ಲಿ ಟಿಕೆಟ್ಟು. ಅದರಲ್ಲಿ ದಿನಾಂಕ ಬದಲಾಗಬೇಕೆಂದರೆ ಪ್ರಯಾಣಿಕರೇ ಟಿಕೆಟ್ಟು ಹಿಡಿದು ಬೆಂಗಳೂರಿನ ಕಂಪನಿ ಆಫೀಸಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು.

ಆಮೇಲೆ ಕಂಪನಿಯವರಿಗೆ ಏನು ತೋಚಿತೋ, ಊರೂರಿನ ಏಜೆಂಟರೇ ಟಿಕೆಟ್ಟು ಬರೆದುಕೊಡಲಿ, ಬದಲಾವಣೆಯನ್ನೂ ಅವರೇ ಮಾಡಲಿ ಎಂದು ಹೊಸ ಏರ್ಪಾಡು ತಂದರು. ಬೊಂಬಾಯಿಯಲ್ಲಿ ಸೀಟುಗಳ ಲೆಕ್ಕವನ್ನು ಕಂಪ್ಯೂಟರ್ ಇಟ್ಟುಕೊಳ್ಳುತ್ತದೆ, ಮೈಸೂರಿನ ಏಜೆನ್ಸಿಗೆ ಟೆಲೆಕ್ಸ್ ಯಂತ್ರದಲ್ಲಿ ಸುದ್ದಿ ಬರುತ್ತದೆ, ನೀವು ಮೈಸೂರಿಗೆ ಟ್ರಂಕ್ ಕಾಲ್ ಮಾಡಿದರೆ ಸಾಕು ಎಂದರು. ಅದಕ್ಕಾಗಿ ಬೆಂಗಳೂರಿನಲ್ಲಿ ಒಂದು ದಿನದ ತರಬೇತಿ. ಪಾಠವೆಲ್ಲ ಇಂಗ್ಲಿಷಿನಲ್ಲಿ ಎಂದು ತಿಳಿದ ಯಜಮಾನರು ನನ್ನ ಮುಖ ನೋಡಿದರು. ಅವರ ಕನ್ನಡದ ಅಕ್ಷರ ದುಂಡಗೆ. ಇಂಗ್ಲಿಷ್ ಬರೆದರೆ ಮಾತ್ರ ಗಾಳಿಗೆ ಬಾಗಿದ ಜೋಳದ ಹಾಗೆ.

ಹೀಗೆ ಗಂಡಸರೇ ತುಂಬಿದ್ದ ತರಬೇತಿಯ ಕೋಣೆಯಲ್ಲಿ ನಾನೊಬ್ಬಳು ಸೆರಗು ಹೊದ್ದು ಹಿಂದಿನ ಬೆಂಚಿನಲ್ಲಿ ಕೂತೆ. ಕಲಿಸಿದ್ದು ನಿಜಕ್ಕೂ ಕಷ್ಟದ್ದಲ್ಲ. ಟಿಕೆಟ್ಟು ಎಂದರೆ ಒಂದು ಸಣ್ಣ ಪುಸ್ತಕ. ಪ್ರತಿ ವಿಮಾನಕ್ಕೂ ಒಂದು ಹಾಳೆ, ಅದಕ್ಕೆ ಕೂಪನ್ ಎನ್ನುತ್ತಾರೆ. ಹಾಳೆಗಳ ಬೆನ್ನಿಗೆ ಕೆಂಪು ಕಾರ್ಬನ್ ಬಳಿದಿರುತ್ತದೆ. ಮೇಲಿನ ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಒತ್ತಿ ಬರೆದರೆ ಕಡೆಯ ಹಾಳೆಯವರೆಗೂ ಮೂಡಬೇಕು. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಪುಸ್ತಕದ ಮೇಲೆ ಸಿಸ್ಟರ್ ನನ್ನ ಕೈ ಹಿಡಿದು ತಿದ್ದಿಸಿದ್ದು ಅಲ್ಲಿ ಕೆಲಸಕ್ಕೆ ಬಂತು. ಪಾಠ ಮಾಡಿದ ಅಧಿಕಾರಿ ನನ್ನ ಹಾಳೆಯನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು; ಅದನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿಗೆ ಸಿಕ್ಕಿಸಿದರು. ಈಗಲೂ ನೆನೆದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಮ್ಮ ಪಾಲಿಗೆ ಕೊಟ್ಟದ್ದು ಒಂದು ಕಟ್ಟು ಟಿಕೆಟ್ಟು, ಒಂದು ದುಂಡು ಮೊಹರು, ನಾಲ್ಕು ಅಂಟುಚೀಟಿ. ವಿಮಾನದ ದಿನ ಬದಲಾದರೆ ಹೊಸ ದಿನ, ಹೊಸ ಹೊತ್ತು ಬರೆದು ಆ ಚೀಟಿಯನ್ನು ಹಳೆಯದರ ಮೇಲೆ ಅಂಟಿಸಿ ಮೊಹರು ಹಾಕಬೇಕು. ಚೀಟಿಗೂ ನಂಬರು ಇರುತ್ತದೆ. ಅಂಟಿಸಿದ ಮೇಲೆ ಆ ನಂಬರನ್ನು ಮೈಸೂರಿಗೆ ತಿಳಿಸಿದರೆ ಮಾತ್ರ ಸೀಟು ಪಕ್ಕಾ.

ನಮ್ಮತ್ತೆ ಅದನ್ನೆಲ್ಲ ಕನ್ನಡಕ ಏರಿಸಿ ನೋಡಿದರು. "ನಿಮ್ಮಪ್ಪ ಅಷ್ಟು ಓದ್ಸಿದ್ದು ಕಂಡಕ್ಟ್ರು ಕೆಲ್ಸಕ್ಕಾ?" ಅಂದರು.

"ಹೌದತ್ತೆ, ಆದರೆ ಸೀಟಿ ಊದೋ ಹಾಗಿಲ್ಲ," ಅಂದೆ.

"ಊದ್ಬ್ಯಾಡ ಬುಡು. ಮೊದ್ಲು ಸಾರು ಕುದೀತೈತೆ ನೋಡೋಗು."

ನಾನು ಬರೆದ ಮೊದಲ ಹೊರದೇಶದ ಟಿಕೆಟ್ಟು ಬೆಟ್ಟದಪುರದ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳದು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿತು ಕುವೈತಿನ ಆಸ್ಪತ್ರೆಯೊಂದಕ್ಕೆ ಆಯ್ಕೆಯಾಗಿದ್ದಳು. ತಂದೆ ತಂಬಾಕು ಬೆಳೆಯುವವರು; ಅವರ ಶರ್ಟಿನಿಂದ ಬೇಯಿಸಿದ ಎಲೆಯ ವಾಸನೆ ಬರುತ್ತಿತ್ತು. ಹುಡುಗಿಯ ಮಾತು ಕಡಿಮೆ, ಉಗುರು ಒಪ್ಪವಾಗಿ ಕತ್ತರಿಸಿದ್ದಳು. ಅವಳ ಕೆಲಸದ ಪತ್ರವನ್ನು ನಾನೇ ಓದಿ ಹೇಳಿದೆ: ಶನಿವಾರದೊಳಗೆ ಬಂದು ಹಾಜರಾಗಬೇಕು, ತಪ್ಪಿದರೆ ಆ ಜಾಗ ಪಟ್ಟಿಯಲ್ಲಿ ಅವಳ ನಂತರ ಇರುವವರಿಗೆ. ಗುರುವಾರ ಸಂಜೆ ಬೆಂಗಳೂರಿನಿಂದ ಬೊಂಬಾಯಿ, ಶುಕ್ರವಾರ ಬೊಂಬಾಯಿಯಿಂದ ಕುವೈತ್. ಕಂಪನಿಯ ವಿಮಾನ ಅಲ್ಲಿಗೆ ವಾರಕ್ಕೆ ಒಂದೇ. ಟಿಕೆಟ್ಟು ಕೊಡುವಾಗ, "ಜಮೀನಿನ ಪತ್ರ ಇಟ್ಟುಕೊಂಡ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ," ಅಂದೆ.

"ಅದ್ಕಿಂತ ಜೋಪಾನ್ವಾಗಿ ಮಡಗ್ತೀನಿ ಕಣ್ರವ್ವ," ಅಂದಿದ್ದರು ಆ ತಂದೆ.

ಮುಂದಿನ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಮೈಸೂರಿನಿಂದ ಫೋನು. ಏಜೆನ್ಸಿಯ ಆ ಸ್ನೇಹಿತರೇ. ಯಜಮಾನರು ಟಿಕೆಟ್ಟೊಂದನ್ನು ಕೊಟ್ಟು ಬರಲು ಮೊದಲ ಬಸ್ಸಿಗೇ ಎಚ್.ಡಿ. ಕೋಟೆಗೆ ಹೋಗಿದ್ದರು, ಬರುವುದು ಸಂಜೆಗೆ.

"ಕುವೈತ್ ಫ್ಲೈಟು ಒಂದು ದಿನ ಮೊದಲೇ ಮಾಡಿದ್ದಾರೆ ಮೇಡಂ, ಶುಕ್ರವಾರದ ಬದಲು ಗುರುವಾರ. ಬೊಂಬಾಯಿದೂ ಬುಧವಾರಕ್ಕೆ ಬರಬೇಕು. ಎರಡೂ ಸೀಟು ಹಿಡಿದಿಟ್ಟಿದ್ದಾರೆ, ಆದರೆ ಇವತ್ತು ಸಾಯಂಕಾಲ ಐದರವರೆಗೆ ಮಾತ್ರ. ಅಷ್ಟರಲ್ಲಿ ಟಿಕೆಟ್ಟಿಗೆ ಚೀಟಿ ಅಂಟಿಸಿ ನಂಬರು ಹೇಳಬೇಕು. ನಿಮ್ಮ ಕೈಲಾಗುತ್ತಾ? ಬೆಂಗಳೂರಿಗೆ ಕಳಿಸೋಕೆ ಹೊತ್ತಿಲ್ಲ."

"ಆಗುತ್ತೆ," ಅಂದೆ. ಆ ಮಾತು ಬಾಯಿಂದ ಬಂದದ್ದೇ ಕೈಯಲ್ಲಿದ್ದ ಫೋನು ಭಾರವಾಯಿತು.

ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಅವಸರದ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನ ಕಂಡಕ್ಟರರ ಜೇಬಿನಲ್ಲಿ. ಎಂಟೂವರೆಯ ಬೆಟ್ಟದಪುರದ ಬಸ್ಸಿಗೆ ಚೀಟಿ ಬರೆದುಕೊಟ್ಟೆ: ಹೊರಡುವುದು ಬುಧವಾರವಲ್ಲ, ನಾಳೆಯೇ. ಟಿಕೆಟ್ಟು ತೆಗೆದುಕೊಂಡು ಕೂಡಲೇ ಬನ್ನಿ. ಕಂಡಕ್ಟರರು ಅದನ್ನು ಎರಡು ಸಲ ಓದಿ, "ನಾನೇ ಇಳ್ದು ಮನೆ ಬಾಗ್ಲಿಗೇ ಕೊಟ್ಟು ಬತ್ತೀನಿ ಬುಡಿ ಅಮ್ಮಾವ್ರೆ, ಬಸ್ಸು ಎಲ್ಲೋದದು," ಅಂದರು.

ಹನ್ನೆರಡೂ ಕಾಲಿಗೆ ತಂದೆ ಬಂದರು. ಬರಿಗೈ.

"ಟಿಕೆಟ್ಟು?"

"ಅದು ಮನೇಲಿಲ್ಲ ಕಣ್ರವ್ವ. ಪ್ರಸ್ಥಾನಕ್ಕೆ ಮಡಗ್ಬುಟ್ಟಿದೀವಿ."

ನನಗೆ ತಟ್ಟನೆ ಹೊಳೆಯಲಿಲ್ಲ. ಬಾಗಿಲಿಗೆ ಬಂದಿದ್ದ ಅತ್ತೆಗೆ ಹೊಳೆಯಿತು. "ಅಯ್ಯೋ ಶಿವನೆ, ಟಿಕೀಟ್ನೂ ಗಂಟಿಗೆ ಹಾಕುದ್ರಾ?" ಅಂದರು.

ದೂರದ ಪ್ರಯಾಣಕ್ಕೆ ಹೊರಡಬೇಕಾದ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ಹೋಗುವವರ ವಸ್ತುವೊಂದನ್ನು ಅಕ್ಕಿ, ಅರಿಸಿನ, ಅಡಿಕೆಯ ಜೊತೆ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು ಪದ್ಧತಿ. ಗಂಟು ಹೋದರೆ ಆಳೂ ಹೊರಟ ಹಾಗೆ. ಬೇರೆಯವರು ಒಂದು ಸೀರೆಯನ್ನೋ ಪುಸ್ತಕವನ್ನೋ ಇಡುತ್ತಾರೆ. ಹುಡುಗಿಯ ಅಜ್ಜಿ ಮಾತ್ರ, ಹೊರಡುವುದಕ್ಕೆ ಮೂಲವೇ ಆ ಟಿಕೆಟ್ಟು, ಅದನ್ನೇ ಇಡಿ ಎಂದಿದ್ದರಂತೆ. ಹೋದ ಗುರುವಾರ ತಂದೆಯೇ ಹೋಗಿ ಕೆ.ಆರ್. ನಗರದಲ್ಲಿದ್ದ ತಂಗಿಯ ಮನೆಯಲ್ಲಿ ಇಟ್ಟು ಬಂದಿದ್ದರು. ಹುಡುಗಿ ಬುಧವಾರ ಅಲ್ಲಿ ಇಳಿದು ಗಂಟನ್ನು ಎತ್ತಿಕೊಂಡು ಮುಂದೆ ಹೋಗಬೇಕೆಂದು ಗೊತ್ತುಮಾಡಿಕೊಂಡಿದ್ದರು.

"ಈಗಲೇ ಹೋಗಿ ಇಲ್ಲಿಗೆ ತನ್ನಿ. ಹೊತ್ತಿದೆ," ಅಂದೆ.

ಅವರು ಟವೆಲು ಹೆಗಲಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡರು. "ಮುಂದಕ್ಕೋದ ಪ್ರಸ್ಥಾನವ ಹಿಂದಕ್ಕೆ ತರಂಗಿಲ್ಲ ಕಣ್ರವ್ವ. ಉಣ್ಸೂರು ಹಿಂದಕ್ಕಾಯ್ತದೆ. ತಂದ್ರೆ ನಮ್ಮವ್ವ ಮಗೀನ ಕಳ್ಸಕ್ಕೇ ಒಪ್ಪಲ್ಲ. ಮೊದ್ಲೇ ಸಮುದ್ರದಾಚೆ ಅಂತ ಅಳ್ತಾವ್ಳೆ."

ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ನಾನು ಬೀದಿ ನೋಡಿದೆ. ಕೆ.ಆರ್. ನಗರದ ಬಸ್ಸು ಎದುರಿಗೇ ನಿಂತಿತ್ತು. ಡ್ರೈವರು ಇನ್ನೂ ಟೀ ಕುಡಿಯುತ್ತಿದ್ದ. ಟಿಕೆಟ್ಟು ನಮ್ಮ ಹತ್ತಿರ ಬರುವ ಹಾಗಿಲ್ಲ. ಸರಿ, ನಾವು ಟಿಕೆಟ್ಟಿನ ಹತ್ತಿರ ಹೋದರೆ?

ಆದರೆ ಮೊಹರು ಆಫೀಸಿನಿಂದ ಹೊರಗೆ ಹೋಗಕೂಡದೆಂದು ತರಬೇತಿಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಮೈಸೂರಿಗೆ ಅರ್ಜೆಂಟ್ ಕಾಲ್ ಹಾಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಗಂಟಿನೊಳಗಾ? ಅರಿಸಿನದ ಜೊತೆಗಾ?" ಎಂದು ಕೇಳಿದರು. ಆಮೇಲೆ, "ತೆಗೆದುಕೊಂಡು ಹೋಗಿ ಮೇಡಂ. ನಾನು ಒಪ್ಪಿದೆ ಅಂತ ಬರೆದಿಟ್ಟುಕೊಳ್ಳುತ್ತೇನೆ. ಆದರೆ ಚೀಟಿ ಸೊಟ್ಟಗಾದರೆ, ಹರಿದರೆ, ಬೊಂಬಾಯಿ ಕೌಂಟರಿನಲ್ಲಿ ಅವಳನ್ನು ನಿಲ್ಲಿಸಿಬಿಡುತ್ತಾರೆ. ನೆನಪಿರಲಿ," ಅಂದರು.

ಮೊಹರು, ಮಸಿ ಪ್ಯಾಡು, ನಾಲ್ಕು ಚೀಟಿ, ಬಾಲ್ ಪೆನ್ನು, ನಮ್ಮಲ್ಲಿ ಉಳಿದಿದ್ದ ಆ ಟಿಕೆಟ್ಟಿನ ಪ್ರತಿ, ಇಷ್ಟನ್ನೂ ನನ್ನ ಮಗಳ ಹಳೆಯ ಪೆನ್ಸಿಲ್ ಡಬ್ಬಿಯಲ್ಲಿ ಹಾಕಿ ಸೀರೆ ಬದಲಾಯಿಸಿ ಬರುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು.

"ನೀವೆಲ್ಲಿಗತ್ತೆ?"

"ಇನ್ನೊಬ್ರ ಮನೆ ಪ್ರಸ್ಥಾನದ ಗಂಟು ಬಿಚ್ಸೋದು ನಿನ್ನ ಇಂಗ್ಲೀಸ್ಗೆ ಆಯ್ತದಾ? ನಡಿ."

ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟು ಎರಡೂ ಕೈ ಅದರ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ನಿಂತು ನಿಂತು ಹೋಗುವ ಬಸ್ಸು. ಒಂದು ಕಡೆ ಕಬ್ಬಿನ ಗಾಡಿಗಳು ರಸ್ತೆಗೆ ಅಡ್ಡ. ಎತ್ತುಗಳು ತಮ್ಮ ಪಾಡಿಗೆ ತಾವು ಮೆಲುಕು ಹಾಕುತ್ತಿದ್ದವು. ಹುಡುಗಿಯ ತಂದೆ ಮುಂದಿನ ಸೀಟಿನಿಂದ ತಿರುಗಿ ತಿರುಗಿ, "ನಾಳೆ ಮಂಗಳವಾರ ಕಣ್ರವ್ವ. ಮಂಗಳವಾರ ಎಣ್ಮಗೀನ ಒರಗೆ ಕಳ್ಸಿ ಅಂದ್ರೆ ನಮ್ಮವ್ವ ಏನಂದಾಳೋ," ಎನ್ನುತ್ತಿದ್ದರು. ಮೊದಲು ಐದು ಗಂಟೆಯೊಳಗೆ ಈ ಕೆಲಸ ಮುಗಿಯಲಿ ಎಂದೆ. ಅದು ನನಗೂ ನಾನೇ ಹೇಳಿಕೊಂಡ ಮಾತು.

ಎರಡೂ ಕಾಲಿಗೆ ಕೆ.ಆರ್. ನಗರ. ತಂಗಿಯ ಮನೆ ನದಿಯ ಕಡೆಗೆ ಹೋಗುವ ಬೀದಿಯಲ್ಲಿ. ಆಕೆ ಅಂಗಳದಲ್ಲಿ ಭತ್ತ ಹರವುತ್ತಿದ್ದವರು ಅಣ್ಣನನ್ನು ನೋಡಿ ಗಾಬರಿಯಾದರು. ವಿಷಯ ಕೇಳಿದ ಮೇಲೆ ಬಾಗಿಲಿಗೆ ಅಡ್ಡವಾಗಿಯೇ ನಿಂತರು.

"ಗಂಟ ಬಿಚ್ಚಕ್ಕಾಗಲ್ಲ ಕಣಣ್ಣ. ನಮ್ಮವ್ವ ನನ್ನ ನಂಬಿ ಮಡಗವ್ಳೆ. ಮಗೀಗೆ ಏನಾರ ಆದ್ರೆ ನಾನು ಜವಾಬ್ದಾರಿನಾ?"

"ಬಿಚ್ದೆ ಇದ್ರೆ ಮಗು ಓಗದೇ ಇಲ್ಲ ಅಂತಾವ್ರೆ ಅಮ್ಮಾವ್ರು."

"ಟಿಕೀಟು ಬರ್ದೋರೇ ಸರಿಯಾಗಿ ಬರೀಬೇಕಿತ್ತಪ್ಪ. ಈಗ ಬಂದು ತಿದ್ತೀನಿ ಅಂದ್ರೆ?"

ಅದು ನನಗೆ ಬಿದ್ದ ಮಾತು. ಬರೆದದ್ದು ತಪ್ಪಾಗಿಲ್ಲ, ವಿಮಾನದ ದಿನವೇ ಬದಲಾಗಿದೆ ಎಂದು ಮೆಲ್ಲಗೆ ಹೇಳಿದೆ. ಆಕೆ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಅತ್ತೆ ಅಂಗಳದ ಕಲ್ಲಿನ ಮೇಲೆ ಕೂತು, ಒಂದು ಚೆಂಬು ನೀರು ಕೇಳಿ, ಕುಡಿದು, ಸಾವಕಾಶವಾಗಿ ಶುರುಮಾಡಿದರು.

"ತಾಯಿ, ಗಂಟು ಹೊಸ್ಲು ದಾಟಬಾರ್ದು. ಹೌದಾ?"

"ಹೂಂ."

"ಹಿಂದಕ್ಕೆ ಹೋಗಬಾರ್ದು. ಹೌದಾ?"

"ಹೂಂ ಕಣ್ರವ್ವ."

"ನಾವು ದಾಟ್ಸಲ್ಲ, ಹಿಂದಕ್ಕೂ ತಗೊಂಡು ಹೋಗಲ್ಲ. ಮಡಗಿದ್ ಜಾಗದಲ್ಲೇ, ಮೂಡಲಕ್ಕೆ ಮುಖ ಮಾಡ್ಕೊಂಡು, ನಿನ್ ಕೈಲೇ ಬಿಚ್ಚು, ನಿನ್ ಕೈಲೇ ಕಟ್ಟು. ನನ್ ಸೊಸೆ ಬರೀ ಒಂದು ಕಾಗದ ಅಂಟಿಸ್ತಾಳೆ. ಪಯಣ ಹೊರಟೋರಿಗೆ ದಾರೀಲಿ ಬುತ್ತಿ ಕೊಡಲ್ವಾ? ಹಂಗೇ ಅನ್ಕೊ."

ಆಕೆ ಅಣ್ಣನ ಮುಖ ನೋಡಿದರು. ಆಮೇಲೆ ಕೈಕಾಲು ತೊಳೆದುಕೊಂಡು ಬಂದು ಒಳಗೆ ಕರೆದರು.

ಗಂಟು ದೇವರ ಗೂಡಿನ ಪಕ್ಕದಲ್ಲಿ, ಒಂದು ಮಣೆಯ ಮೇಲಿತ್ತು. ಬಿಳಿ ಬಟ್ಟೆಗೆ ಅರಿಸಿನ ಬಳಿದಿದ್ದರು. ಬಿಚ್ಚಿದರೆ, ಟಿಕೆಟ್ಟಿನ ಹೊರಹಾಳೆಯ ಮೂಲೆಗೆಲ್ಲ ಹಳದಿ. ಒಳಗೆ ಸೇರಿದ ಅಕ್ಕಿಯ ಕಾಳುಗಳಿಗೆ ಕಾರ್ಬನ್ ಹತ್ತಿ ಅಕ್ಷತೆಯಂತೆ ಕೆಂಪಾಗಿದ್ದವು. ಒಂದೊಂದೇ ಕಾಳನ್ನು ಹೇರ್‌ಪಿನ್ನಿನಿಂದ ಸರಿಸಿ, ತೆಗೆದದ್ದನ್ನು ಮತ್ತೆ ಗಂಟಿಗೇ ಹಾಕಿದೆ. ಹೆಸರು ಸ್ಪಷ್ಟವಾಗಿತ್ತು. ನಂಬರು ನಮ್ಮ ಪ್ರತಿಯೊಡನೆ ತಾಳೆಯಾಯಿತು. ನಾನು ಒತ್ತಿ ಬರೆದ ಅಕ್ಷರಗಳು ಹಾಗೇ ಇದ್ದವು.

ಎರಡು ಚೀಟಿಗಳನ್ನು ಮೊದಲು ಬರೆದುಕೊಂಡೆ. ಬುಧವಾರ, ಗುರುವಾರ, ವಿಮಾನದ ನಂಬರು, ಹೊತ್ತು. ಬರೆದು ಮುಗಿಸಿ ಮೊದಲನೆಯದನ್ನು ಅಭ್ಯಾಸಬಲದಿಂದ, ಅಂಚೆಚೀಟಿಯಂತೆ ನಾಲಿಗೆಗೆ ತಾಗಿಸಲು ಎತ್ತಿದೆ.

"ಎಂಜ್ಲು," ಎಂದು ಆಕೆಯೂ ನಮ್ಮತ್ತೆಯೂ ಒಟ್ಟಿಗೇ ಅಂದರು.

ಎತ್ತಿದ ಕೈ ಅಲ್ಲೇ ನಿಂತಿತು. ಆ ಚೀಟಿಯನ್ನು ನೆಕ್ಕಿಬಿಟ್ಟಿದ್ದರೆ ಅಷ್ಟು ಹೊತ್ತು ಸಂಪಾದಿಸಿದ ನಂಬಿಕೆಯೆಲ್ಲ ಹೋಗಿಬಿಡುತ್ತಿತ್ತು. ಆಕೆ ದೇವರ ಮುಂದಿನ ಪಂಚಪಾತ್ರೆ ತಂದು ಎದುರಿಗಿಟ್ಟರು. ಬೆರಳ ತುದಿಯಲ್ಲಿ ಒಂದೇ ಹನಿ ತೆಗೆದು, ಅಂಟಿನ ಮೇಲೆ ಸವರಿ, ಉಸಿರು ಬಿಗಿಹಿಡಿದು ಹಳೆಯ ದಿನದ ಮೇಲೆ ನೇರವಾಗಿ ಕೂರಿಸಿದೆ. ಇನ್ನೊಂದನ್ನೂ. ಮೇಲೆ ಮೊಹರು. ಒಣಗಲೆಂದು ಸೆರಗಿನಿಂದ ಗಾಳಿ ಹಾಕುತ್ತಿದ್ದರೆ ತಂದೆ ದೂರದಲ್ಲಿ ಕಂಬ ಹಿಡಿದು ನಿಂತಿದ್ದರು, ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ.

ಆಕೆಯೇ ಮತ್ತೆ ಕಟ್ಟಿದರು. ಮೊದಲಿನ ಗಂಟಿಗಿಂತ ಅಂದವಾಗಿಯೇ ಬಂತು.

ಪೋಸ್ಟಾಫೀಸಿಗೆ ಹೋದಾಗ ಮೂರೂಕಾಲು. ಅರ್ಜೆಂಟ್ ಕಾಲ್ ಬರೆಸಿ ಬೆಂಚಿನ ಮೇಲೆ ಕೂತೆವು. ಗಡಿಯಾರದ ದೊಡ್ಡ ಮುಳ್ಳು ಪ್ರತಿ ನಿಮಿಷಕ್ಕೂ ಒಂದು ಸಲ ನಡುಗಿ ಮುಂದಕ್ಕೆ ಬೀಳುತ್ತಿತ್ತು. ನಾಲ್ಕಾಯಿತು. ನಾಲ್ಕೂ ಇಪ್ಪತ್ತಾಯಿತು. ಪೋಸ್ಟ್ ಮಾಸ್ಟರರು ಎರಡು ಸಲ, "ಲೈನು ಬಿಝಿ ತಾಯಿ," ಅಂದರು. ಅತ್ತೆ ಅವರ ಬಳಿಗೆ ಹೋಗಿ, "ಒಂದ್ ಎಣ್ಮಗಿನ ಬದುಕು ನಿಮ್ ತಂತೀಲಿ ನಿಂತೈತೆ ಸ್ವಾಮಿ," ಎಂದು ಹೇಳಿ ಬಂದು ಕೂತರು. ಅವರು ಆಮೇಲೆ ಎಕ್ಸ್‌ಚೇಂಜಿಗೆ ಸ್ವಲ್ಪ ಗದರಿದ ದನಿಯಲ್ಲೇ ಮಾತಾಡಿದ್ದು ಕೇಳಿಸಿತು.

ನಾಲ್ಕೂ ನಲವತ್ತಕ್ಕೆ ಮೈಸೂರು ಸಿಕ್ಕಿತು. ಎರಡು ಚೀಟಿಯ ನಂಬರನ್ನೂ ಒಂದೊಂದೇ ಅಂಕಿಯಾಗಿ ಹೇಳಿದೆ, ಅವರು ತಿರುಗಿ ಹೇಳಿದರು. "ಅಲ್ಲೇ ಇರಿ, ಫೋನು ಇಡಬೇಡಿ," ಅಂದರು. ಹಿಂದೆ ಟೆಲೆಕ್ಸಿನ ಟಕಟಕ ಸದ್ದು. ಎಷ್ಟು ಹೊತ್ತೋ ತಿಳಿಯದು. ನನ್ನ ಪಕ್ಕದಲ್ಲಿ ಬೇಯಿಸಿದ ತಂಬಾಕಿನ ವಾಸನೆ ಹತ್ತಿರ ಹತ್ತಿರ ಬಂತು.

"ಬೊಂಬಾಯಿ ಉತ್ತರ ಬಂತು ಮೇಡಂ. ಎರಡೂ ಓಕೆ."

ನಾನು ತಂದೆಯ ಕಡೆ ತಿರುಗಿ ತಲೆಯಾಡಿಸಿದೆ. ಅವರು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದರು.

ಉಳಿದದ್ದು ಮಂಗಳವಾರದ ಮಾತು. ತಂಗಿಯ ಮನೆಗೆ ಸುದ್ದಿ ಹೇಳಲು ಹೋದಾಗ ಹುಡುಗಿಯ ತಂದೆ ಅದನ್ನೇ ಎತ್ತಿದರು: ಅವ್ವ ಬಿಡುವುದಿಲ್ಲ, ಮಂಗಳವಾರ ಹೇಗೆ ಕಳಿಸುವುದು? ಆಕೆ ಕಾಫಿ ಆರಿಸುತ್ತಿದ್ದವರು ಲೋಟ ಕೆಳಗಿಟ್ಟರು.

"ಅಣ್ಣ, ಪ್ರಸ್ಥಾನ ಮಡಗಿದ್ದು ಯಾಕೆ? ಅವ್ಳು ಗುರುವಾರನೇ ಒಂಟೋಗವ್ಳೆ. ಇವತ್ತಿಗೆ ಐದು ದಿನ ಆಯ್ತು ಅವ್ಳು ನಮ್ಮನೇಲಿ ಇದ್ದು. ನಾಳೆ ಮಂಗಳವಾರ ಆದ್ರೇನು, ಸನಿವಾರ ಆದ್ರೇನು? ಅವ್ವಂಗೆ ನಾನು ಅಂದೆ ಅಂತ ಏಳು."

ಅಜ್ಜಿ ಒಪ್ಪಿದರಂತೆ. ಮಗಳ ಮಾತಿಗೆ ಎದುರು ಹೇಳಲು ಅವರಿಗೆ ದಾರಿ ಇರಲಿಲ್ಲ. ಗಂಟು ಕಟ್ಟಿಸಿದವರು ಅವರೇ. ಮಂಗಳವಾರ ಬೆಳಗಿನ ಬಸ್ಸು ನಮ್ಮ ಮನೆಯೆದುರು ನಿಂತಾಗ ಹುಡುಗಿ ಕಿಟಕಿಯಿಂದ ಕೈಮುಗಿದಳು. ಹಣೆಗೆ ದೊಡ್ಡ ಕುಂಕುಮ. ನಾನು ಕಿಟಕಿಯ ಹತ್ತಿರ ಹೋಗಿ, ಬೊಂಬಾಯಿಯ ಕೌಂಟರಿನಲ್ಲಿ ಹಳದಿ ಕಲೆ ಏನೆಂದು ಕೇಳಿದರೆ ಅರಿಸಿನ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಹೇಳಿಕೊಟ್ಟೆ. "ಗೊತ್ತು ಅಕ್ಕ, ವಾರ್ಡಲ್ಲಿ ಹೇಳಿ ಹೇಳಿ ಅಭ್ಯಾಸ," ಎಂದು ನಕ್ಕಳು. ಯಜಮಾನರು ನನ್ನ ಹಿಂದೆ ನಿಂತು ಎಲ್ಲವನ್ನೂ ನೋಡಿದರು. ಹಿಂದಿನ ಸಂಜೆ ಪೂರ್ತಿ ಕಥೆ ಕೇಳಿದವರು ಅಂದದ್ದು ಇಷ್ಟೆ: "ನಾನಿದ್ದಿದ್ರೆ ಬೆಂಗಳೂರಿಗೆ ಕಳಿಸ್ತೀನಿ ಅಂತ ಬಸ್ಸು ಹುಡುಕ್ತಿದ್ದೆ." ಆ ದಿನದಿಂದ ಮೊಹರು ಇರುವ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲೇ ಉಳಿಯಿತು.

ಬುಧವಾರ ಹೋಯಿತು, ಗುರುವಾರವೂ ಹೋಯಿತು. ತೊಂದರೆಯಾಗಿದ್ದರೆ ಫೋನು ಬರುತ್ತಿತ್ತು ಎಂದು ಯಜಮಾನರು ಸಮಾಧಾನ ಹೇಳಿದರು. ನನಗೆ ಮಾತ್ರ ಒಲೆಯ ಮುಂದೆ ಕೂತರೂ ಒಂದೇ ಚಿಂತೆ: ಎರಡನೆಯ ಚೀಟಿಯ ಒಂದು ಮೂಲೆ ಸರಿಯಾಗಿ ಕೂತಿತ್ತೇ?

ಭಾನುವಾರ ಬಿಟ್ಟು ಸೋಮವಾರ, ನಮ್ಮ ಆಫೀಸಿನ ವಿಳಾಸಕ್ಕೆ ತಂತಿ ಬಂತು. ಕುವೈತಿನಿಂದ. ಅವಳ ಹಳ್ಳಿಗೆ ತಂತಿ ತಲುಪುವುದು ತಡವೆಂದು ನಮಗೇ ಕಳಿಸಿದ್ದಳು. ಕಂಡಕ್ಟರರ ಕೈಯಲ್ಲಿ ಸುದ್ದಿ ಹೋಗಿ, ತಂದೆ ಬಂದರು. ಈ ಸಲ ಅಜ್ಜಿಯೂ ಜೊತೆಗೆ. ಸಣ್ಣ ಮೈಯ, ಕಿವಿಯ ತುಂಬ ಓಲೆಯ ಹೆಂಗಸು. ಆಫೀಸಿನ ಕುರ್ಚಿಯಲ್ಲಿ ಕೂರಲು ಒಪ್ಪದೆ ಹೊಸ್ತಿಲ ಬಳಿ ಕುಕ್ಕುರುಗಾಲಿನಲ್ಲಿ ಕೂತರು.

ಓದಿದೆ: ಶನಿವಾರ ಕೆಲಸಕ್ಕೆ ಹಾಜರಾದೆ, ಚೆನ್ನಾಗಿದ್ದೇನೆ.

"ಇನ್ನೊಂದ್ಸಲ ಓದವ್ವ," ಅಂದರು ಅಜ್ಜಿ. ಓದಿದೆ.

"ಅವ್ಳು ಬರ್ದಿರೋದು ಇಂಗ್ಲೀಸ್ನಲ್ಲಲ್ವಾ? ಅದ್ನೂ ಅಂಗೇ ಓದು. ಅವ್ಳು ಅಲ್ಲಿ ಯಂಗೆ ಮಾತಾಡ್ತಾಳೆ ಅಂತ ಕೇಳ್ಬೇಕು."

ನಾನು ತಂತಿಯನ್ನು ಬೆಳಕಿಗೆ ಹಿಡಿದು, ಅವಳು ಬರೆದ ಇಂಗ್ಲಿಷನ್ನು ಇದ್ದ ಹಾಗೇ ನಿಧಾನವಾಗಿ ಓದಿದೆ. ಸ್ವಲ್ಪ ಗಟ್ಟಿಯಾಗಿಯೇ ಓದಿದೆ, ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಲಿ ಎಂದು.